ಗಂಟಿಗೊಂದು ಸೀಟು

ಗಜೇಂದ್ರಗಡದಿಂದ ನರಗುಂದಕ್ಕೆ ಹೋಗಬೇಕಾದರೆ ಆ ಕಾಲಕ್ಕೆ ಎರಡು ಮೋಟಾರು, ಎರಡು ಟಿಕೀಟು. ಮೊದಲನೆಯದು ರೋಣದವರೆಗೆ. ಅಲ್ಲಿ ಇಳಿದು, ಬೇರೊಬ್ಬ ಮಾಲಕನ ಮೋಟಾರಿಗೆ ಬೇರೆ ಟಿಕೀಟು ತೆಗೆಸಿ ನರಗುಂದದ ಹಾದಿ ಹಿಡಿಯಬೇಕು. ಆ ಇಬ್ಬರು ಮಾಲಕರಿಗೆ ಮಾತುಕತೆ ಇರಲಿಲ್ಲ. ನಮ್ಮ ಮೋಟಾರು ತಡವಾಯಿತೆಂದು ಆ ಮೋಟಾರು ಕಾಯುವುದಿಲ್ಲ. ಅದು ಹೋಗಿಬಿಟ್ಟಿತೆಂದು ಈ ಮೋಟಾರಿನವನಿಗೆ ಹೇಳಿದರೆ, "ನನ್ನ ಟಿಕೀಟು ರೋಣದ ಮಟಾ ಐತ್ರಿ. ರೋಣ ಬಂತು, ಇಳೀರಿ," ಎನ್ನುತ್ತಿದ್ದ. ಅವನ ಮಾತಿನಲ್ಲಿ ತಪ್ಪು ಹಿಡಿಯುವಂತಿರಲಿಲ್ಲ. ಎರಡು ಟಿಕೀಟುಗಳ ನಡುವಿನ ತುಸು ನೆಲ ಯಾರಿಗೂ ಸೇರಿದ್ದಲ್ಲ. ಅಲ್ಲಿ ನಿಂತವರು ಯಾರ ಮಂದಿಯೂ ಅಲ್ಲ.

ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಕಲಿತು ಬಂದ ನನಗೆ ಇದು ತಿಳಿಯಲು ಹೊತ್ತು ಹಿಡಿಯಿತು. ಅಲ್ಲಿ ಗಂಟೆ ಬಾರಿಸಿದರೆ ಊಟ, ಗಂಟೆ ಬಾರಿಸಿದರೆ ಪ್ರಾರ್ಥನೆ. ಕಸೂತಿ ಕಲಿಸುವ ಸಿಸ್ಟರು ನಮ್ಮ ಬಟ್ಟೆಯನ್ನು ಕೈಗೆ ತೆಗೆದುಕೊಂಡ ಕೂಡಲೇ ತಿರುವಿ ಹಿಂಬದಿ ನೋಡುತ್ತಿದ್ದರು. ಮುಂಬದಿಯನ್ನು ಯಾರಾದರೂ ಚಂದ ಮಾಡುತ್ತಾರೆ ಎನ್ನುತ್ತಿದ್ದರು. ಗೋಡೆಯ ಮೇಲೆ ಬರೆದ ವೇಳೆಯನ್ನು ನಂಬುವುದು, ಬಟ್ಟೆಯ ಹಿಂಬದಿ ನೋಡುವುದು, ಈ ಎರಡು ಚಟಗಳೊಂದಿಗೆ ನಾನು ಗಜೇಂದ್ರಗಡದ ಸೀರೆ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಬಂದೆ. ನೇಕಾರರಿಗೆ ನೂಲು ಕೊಟ್ಟು ಸೀರೆ ತರಿಸಿಕೊಳ್ಳುವ ಮನೆತನ. ನಮ್ಮ ಮನೆಯವರು ಮೆತ್ತಗಿನ ಸ್ವಭಾವದವರು, ತಾಯಿಯ ಎದುರು ಇನ್ನೂ ಮೆತ್ತಗೆ. ಮನೆ ನಡೆಯುತ್ತಿದ್ದದ್ದು ಅತ್ತೆಯ ಮಾತಿನ ಮೇಲೆ. ಅವರು ನನ್ನನ್ನು "ಇಂಗ್ರೇಜಿ ಸಾಲಿಯಾಕಿ" ಎಂದು ಕರೆಯುತ್ತಿದ್ದರು. ಸಿಟ್ಟಿನಿಂದಲ್ಲ, ಕುಂಟ ಎತ್ತಿಗೆ ಕುಂಟ ಎಂದ ಹಾಗೆ, ಗುರುತಿಗೆ.

ಮದುವೆಯಾದ ಮರುವರ್ಷ ನನ್ನ ತಾಯಿ ನರಗುಂದ ಬಿಡುವುದೆಂದು ಆಯಿತು. ಅಪ್ಪ ಮೊದಲೇ ತೀರಿಕೊಂಡಿದ್ದರು. ಮನೆ ಬಾಡಿಗೆಯದು, ನಾನು ಒಬ್ಬಳೇ ಮಗಳು. ಮುಂಬಯಿಯ ಗಿರಣಿಯಲ್ಲಿ ಕೆಲಸಕ್ಕಿದ್ದ ಸೋದರಮಾವ ಮತ್ತು ಮಾಮಿ ಬಂದು ಅವಳನ್ನು ಕರೆದುಕೊಂಡು ಹೋಗುವವರಿದ್ದರು. ಮಾಮಿಗೆ ಸಾಲಾಗಿ ಮಕ್ಕಳು, ಮನೆಗೆಲಸಕ್ಕೆ ಒಂದು ಜೀವ ಬೇಕಾಗಿತ್ತು. ರವಿವಾರ ಮಧ್ಯಾಹ್ನ ನರಗುಂದದಿಂದ ಹುಬ್ಬಳ್ಳಿಗೆ ಮೋಟಾರು, ಅಲ್ಲಿಂದ ರೈಲು. ಹೋದವಳು ತಿರುಗಿ ಬರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹೋಗುವ ಮುಂಚೆ ಒಮ್ಮೆ ಅವಳ ಮುಖ ನೋಡಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಸುದ್ದಿ ಬಂದ ದಿನವೇ ಅತ್ತೆಯನ್ನು ಕೇಳಿದೆ. ಶನಿವಾರ ಹೋಗಿ ಒಂದು ರಾತ್ರಿ ತಾಯಿಯ ಹತ್ತಿರ ಇದ್ದು ಬರುತ್ತೇನೆ ಎಂದೆ.

"ಶನಿವಾರ ನೇಕಾರರು ಸೀರಿ ತರೂ ದಿನ. ಊಟಕ್ಕ ಮಂದಿ ಇರತಾರ," ಎಂದರು. "ರವಿವಾರ ಹೋಗು. ಯಾರ ಬ್ಯಾಡ ಅಂದಾರು? ಹಡದಾಕಿ."

ಶನಿವಾರ ಮಂದಿಯೆಲ್ಲ ಉಂಡು ಎದ್ದು, ನಾನು ಒಲೆ ಸಾರಿಸುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತರು. "ನಾಳಿ ರವಿವಾರ, ಪಡುವಣ ದಿಕ್ಕಿಗಿ ಶೂಲ ಐತಿ. ನರಗುಂದ ಪಡುವಣಕ್ಕ. ಈಗ ನೆನಪಾತು ನೋಡು."

ನನ್ನ ಕೈ ನಿಂತಿತು. ಅವರು ಅದನ್ನು ನೋಡಿದರು. ನೋಡಿ ಆದ ಮೇಲೆ, "ಹೆದರಬ್ಯಾಡ. ಪರಸ್ಥಾನ ಇಟ್ರಾತು," ಎಂದರು.

ಹೊರಡುವ ದಿನ ಒಳ್ಳೆಯದಲ್ಲದಿದ್ದರೆ ಅದರ ಮುಂಚಿನ ದಿನವೇ ಹೋಗುವವರ ಒಂದು ಗಂಟನ್ನು ಮನೆಯಿಂದ ಹೊರಗೆ ಕಳಿಸಿಬಿಡುವುದು ನಮ್ಮ ಕಡೆಯ ಪದ್ಧತಿ. ಅದಕ್ಕೆ ಪರಸ್ಥಾನ ಎನ್ನುತ್ತಾರೆ. ಗಂಟು ಹೊರಟಿತೆಂದರೆ ಮನುಷ್ಯ ಹೊರಟ ಹಾಗೆ. ಮರುದಿನ ಹೋಗುವಾಗ ಆ ಗಂಟನ್ನು ತೆಗೆದುಕೊಂಡು ಹೋಗಬೇಕು, ಬರುವಾಗ ಜೊತೆಗೇ ತರಬೇಕು. ಎಲ್ಲರೂ ಅದನ್ನು ಬಾಜೂ ಮನೆಯಲ್ಲಿಯೋ ಗುಡಿಯಲ್ಲಿಯೋ ಇಡುತ್ತಾರೆ. ಅತ್ತೆಗೆ ಅದು ಸಾಲಲಿಲ್ಲ. ಸೀಮೆ ದಾಟಿದರೆ ಪರಸ್ಥಾನ ಗಟ್ಟಿ ಎಂದು ಅದೇ ಸಂಜೆಯ ಮೋಟಾರಿನಲ್ಲಿ ಗಂಟನ್ನು ರೋಣಕ್ಕೆ ಕಳಿಸಿದರು. ರೋಣದ ಸ್ಟ್ಯಾಂಡಿನಲ್ಲಿ ನರಗುಂದದ ಮೋಟಾರಿಗೆ ಟಿಕೀಟು ಕೊಡುವ ಒಬ್ಬ ಮುಸಲ್ಮಾನ ಮುದುಕನಿದ್ದ, ಎಲ್ಲರೂ ಚಾಚಾ ಎನ್ನುತ್ತಿದ್ದರು. ಗಂಟು ಅವನ ಹತ್ತಿರ ಇರಲಿ, ನರಗುಂದದ ಟಿಕೀಟನ್ನೂ ಅವನೇ ತೆಗೆದಿಡಲಿ ಎಂದು ಹೇಳಿ ಕಳಿಸಿದ್ದಾಯಿತು.

ಗಂಟನ್ನು ಅತ್ತೆ ನನ್ನ ಮುಂದೆಯೇ ಕಟ್ಟಿದರು. ಒಂದು ಹಿಡಿ ಅಕ್ಕಿ, ಅರಿಷಿಣದ ಕೊಂಬು, ಅಡಿಕೆ, ಒಂದು ದುಡ್ಡು. ಕುಂಕುಮದ ಪೊಟ್ಟಣ. ಎರಡು ಹಸಿರು ಗಾಜಿನ ಬಳೆ. ಮೇಲೊಂದು ಗುಳೇದಗುಡ್ಡದ ಕುಬಸದ ಖಣ. "ಮುತ್ತೈದಿ ಪರಸ್ಥಾನ ಅಂದ್ರ ಹಿಂಗ ಇರಬೇಕು," ಎಂದರು. ಖಣ ಕೆನ್ನೀಲಿ ಬಣ್ಣದ್ದು, ಹಳದಿ ಅಂಚು. ನಾನು ತಿರುವಿ ನೋಡಿದೆ. ಅಂಚಿನಲ್ಲಿ ಒಂದು ಕಡೆ ಎಳೆ ತಪ್ಪಿ, ಹೂವಿನ ಸಾಲಿನಲ್ಲಿ ಒಂದು ಹೂವು ಅರ್ಧಕ್ಕೇ ನಿಂತಿತ್ತು. ಗಿರಾಕಿಗೆ ಮಾರಲಾಗದೆ ಕಪಾಟಿನ ತಳಕ್ಕೆ ಬಿದ್ದ ಮಾಲು.

ಮರುದಿನ ಬೆಳಿಗ್ಗೆ ನಮ್ಮ ಮನೆಯವರು ನನ್ನನ್ನು ರೋಣದಲ್ಲಿ ಮೋಟಾರು ಹತ್ತಿಸಿ ತಿರುಗಿ ಬರಲೆಂದು ಜೊತೆಗೆ ಬಂದರು. ಎರಡು ಮೋಟಾರುಗಳ ನಡುವೆ ಒಂದು ತಾಸಿನ ಬಿಡುವಿದೆ, ಚಿಂತೆಯಿಲ್ಲ ಎಂದರು. ಗೋಡೆಯ ಮೇಲಿನ ವೇಳೆಯ ಲೆಕ್ಕದಲ್ಲಿ ಅದು ಖರೆಯೇ ಆಗಿತ್ತು. ಕರಿ ಮಣ್ಣಿನ ಹಾದಿ, ಹಸಿ ಆರಿರಲಿಲ್ಲ, ಆದರೂ ಮೋಟಾರು ಅಬ್ಬಿಗೇರಿಯವರೆಗೆ ಚೆನ್ನಾಗಿಯೇ ಬಂತು.

ಅಬ್ಬಿಗೇರಿಯಲ್ಲಿ ನಿಂತಿತು. ಊರಿನ ದೊಡ್ಡ ಮನೆತನದ ಮಗಳು ಗಂಡನ ಮನೆಗೆ ಹೊರಟಿದ್ದಳು. ಸಾಮಾನೆಲ್ಲ ಟಪ್ಪಿನ ಮೇಲೆ ಏರಿತು. ರೊಟ್ಟಿಯ ಬುಟ್ಟಿ, ಉಂಡಿಯ ಡಬ್ಬಿ, ಕೌದಿ. ಮಗಳು ಮಾತ್ರ ಏರಲಿಲ್ಲ. ತಾಯಿಯ ಕೊರಳಿಗೆ ಬಿದ್ದು ಅಳುತ್ತಿದ್ದಳು. ಬಿಡಿಸಿದರೆ ಮತ್ತೆ ತಾಯಿ ಅವಳ ಕೊರಳಿಗೆ ಬೀಳುತ್ತಿದ್ದಳು. ಯಾರೋ ಉಡಿ ತುಂಬಲು ಕೊಬ್ಬರಿ ಮರೆತಿದೆ ಎಂದರು. ಕೊಬ್ಬರಿ ತರಲು ಮನೆಗೆ ಹೋದರು. ಡ್ರೈವರು ಬೀಡಿ ಹಚ್ಚಿಕೊಂಡು ಕೆಳಗಿಳಿದ.

ನಾನು ನಮ್ಮ ಮನೆಯವರ ಕಡೆ ನೋಡಿದೆ. ಅವರು ಎದ್ದು ಹೋಗಿ, "ಮುಂದ ನರಗುಂದದ ಮೋಟಾರು ಹಿಡೀಬೇಕ್ರಿ ನಾವು," ಎಂದರು.

"ಅದರದು ಬ್ಯಾರೆ ಟಿಕೀಟ್ರಿ ಸಾಹುಕಾರ," ಎಂದ ಡ್ರೈವರು. "ಗೌಡರ ಮನಿ ಹೆಣ್ಣುಮಗಳು. ತಾಯಿ ಮಗಳು ಅಳಾಕತ್ತಾರ, ನಡುವ ಹ್ಯಾಂಗ ಹಾರ್ನ್ ಹೊಡೀಲಿ?"

ಮೋಟಾರಿನಲ್ಲಿದ್ದ ಹೆಂಗಸರು ಹೌದು ಹೌದೆಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನ್ನ ಬಾಜೂ ಕುಳಿತಾಕೆ, "ಹಡದ ಕರಳಲ್ರೀ, ಬಿಟ್ಟು ಕೊಡೂದಂದ್ರ ಸಸಾರೇನು?" ಎಂದು ನನಗೇ ಹೇಳಿದಳು. ನಾನು ಹೂಂ ಎಂದೆ. ಆ ತಾಯಿಯ ಮುಂಗೈಯಲ್ಲಿ ಹಚ್ಚೆಯ ಚೇಳು ಇತ್ತು. ಮಗಳ ಬೆನ್ನಿನ ಮೇಲೆ ಅದು ಏರುತ್ತಿತ್ತು, ಇಳಿಯುತ್ತಿತ್ತು. ಅವರ ಅಳು ಮುಗಿಯುವವರೆಗೆ ನಾನು ಅದನ್ನೇ ನೋಡುತ್ತ ಕುಳಿತೆ. ಕೊಬ್ಬರಿ ಬಂತು, ಉಡಿ ತುಂಬಿದರು, ಮತ್ತೊಮ್ಮೆ ಅತ್ತರು. ಆಮೇಲೆ ಹೊರಟೆವು.

ರೋಣದಲ್ಲಿ ಇಳಿದಾಗ ನರಗುಂದದ ಮೋಟಾರು ನಿಲ್ಲುವ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಹಸಿಯಾಗಿತ್ತು. ಚಾಚಾ ನಮ್ಮನ್ನು ನೋಡಿ ತನ್ನ ಪೆಟ್ಟಿಗೆಯ ಮೇಲಿಂದ ಎದ್ದ.

"ಈಗ ಹೋತು ನೋಡ ಯವ್ವಾ."

"ಗಂಟು?" ಎಂದೆ.

"ಗಂಟು ಹೋತಲ್ಲ. ನಿನಗ ಚಲೋ ಸೀಟು ಸಿಗಲಿ ಅಂತ ಕಿಡಕಿ ಬಾಜೂಕ ಇಟ್ಟಿದ್ದೆ ನಾನು. ನಮಾಜಿಗಿ ಹೋಗಿ ಬರೂದರಾಗ ಬಿಟ್ಟಾನ ಮಗಾ." ಅವನ ದನಿ ಸಣ್ಣದಾಯಿತು. "ಎಲ್ಲಾ ಸೀಟು ತುಂಬೂತನ ಬಿಡಾಂಗಿಲ್ಲ ಅವ. ಗಂಟು ಐತಿ, ಟಿಕೀಟು ಐತಿ, ಮಂದೀನೂ ಐತಿ ಅಂತ ಹಿಡದಾನ. ಸೀಟು ಖಾಲಿ ಇದ್ರ ಇನ್ನೂ ಇಲ್ಲೇ ನಿಂತು ಒದರತಿದ್ದ."

ನನಗಾಗಿ ಹಿಡಿದಿಟ್ಟ ಸೀಟಿನಿಂದಲೇ ಮೋಟಾರು ತುಂಬಿತ್ತು. ನಮ್ಮ ಮನೆಯವರು ಮೆಲ್ಲಗೆ, ನಾಳೆಯ ತನಕ ಬೇರೆ ಮೋಟಾರಿಲ್ಲ, ನಾಳೆ ಹೋದರೆ ಅವರು ಇರುವುದಿಲ್ಲ ಎಂದರು. ಅದು ನನಗೆ ಗೊತ್ತಿತ್ತು. ಚಾಚಾ ನಮಗೆ ಚಹಾ ತರಿಸಿದ. ಬಸಿಯಲ್ಲಿ ಚಹಾ ಆರಿ ಕೆನೆ ಕಟ್ಟುವ ತನಕ ಅಲ್ಲಿಯೇ ಕುಳಿತಿದ್ದೆ. ಎದುರಿನಲ್ಲಿ ಅಬ್ಬಿಗೇರಿಯ ಮಗಳು, ಕರೆಯಲು ಬಂದ ಗಂಡನ ಚಕ್ಕಡಿಯಲ್ಲಿ ಏರಿ, ಉಂಡಿಯ ಡಬ್ಬಿ ತೆಗೆದು ಒಂದು ಉಂಡಿ ಕಡಿದಳು.

ಬಂದ ಮೋಟಾರಿನಲ್ಲಿಯೇ ತಿರುಗಿ ಗಜೇಂದ್ರಗಡಕ್ಕೆ ಬಂದೆವು. ಅತ್ತೆ ಹೊಸ್ತಿಲ ಒಳಗೆ ಕುಳಿತು ಜೋಳ ಹಸನು ಮಾಡುತ್ತಿದ್ದರು. ಮೊರದಿಂದ ಕಣ್ಣು ಎತ್ತಲಿಲ್ಲ.

"ಮೋಟಾರು ತಪ್ಪಿತವ್ವ," ಎಂದರು ನಮ್ಮ ಮನೆಯವರು.

"ಪರಸ್ಥಾನ ಎಲ್ಲೈತಿ?"

"ಅದು ಮುಂದ ಹೋತು. ನರಗುಂದಕ್ಕ."

ಅತ್ತೆ ಒಂದು ಕಲ್ಲು ಆರಿಸಿ ಹೊರಗೆ ಒಗೆದರು. ಅದು ನನ್ನ ಕಾಲ ಹತ್ತಿರ ಬಿತ್ತು. "ಅಂದ್ರ ಆಕೀನೂ ಹೋಗ್ಯಾಳ. ಪರಸ್ಥಾನ ಮುಟ್ಟಿದ ಮ್ಯಾಲ ಮನಶ್ಯಾ ಮುಟ್ಟಿದಂಗ. ಅಲ್ಲಿದ್ದಾಕಿ ಇಲ್ಲಿ ಹ್ಯಾಂಗ ಒಳಗ ಬರತಾಳ? ಗಂಟು ತಿರುಗಿ ಬರಲಿ, ಆಮ್ಯಾಲ ಬಾ ಅನ್ನೂಣು."

"ಆಕಿ ಇಲ್ಲೇ ನಿಂತಾಳಲ್ಲವ್ವ."

"ನನಗ ಕಾಣವಲ್ಲಳು," ಎಂದರು ಅತ್ತೆ. "ಕೈಕಾಲು ತೊಳಕೊಂಡು ಉಣ್ಣಾಕ ಬಾ ನೀ."

ನಮ್ಮ ಮನೆಯವರು ಒಳಗೆ ಹೋದರು. ಅವರಿಗೆ ಪರಸ್ಥಾನ ಇಟ್ಟಿರಲಿಲ್ಲ.

ಅಂಗಳದ ಆಚೆ ಒಂದು ಮಗ್ಗದ ಕೋಣೆ ಇತ್ತು. ಗಂಟು ಬರುವವರೆಗೆ ನಾನು ಇದ್ದದ್ದು ಅಲ್ಲಿ. ನಾದಿನಿ ಹೊತ್ತಿಗೆ ಸರಿಯಾಗಿ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ ತರುತ್ತಿದ್ದಳು. "ತಗೋ ವೈನಿ, ಬುತ್ತಿ," ಎಂದು ನಗುತ್ತಿದ್ದಳು. "ಊರಿಗೆ ಹೋದವರು ತಾಟಿನ್ಯಾಗ ಉಣ್ಣಬಾರದಂತ." ಅವಳಿಗೆ ಅದು ಆಟವಾಗಿತ್ತು, ಹದಿನೈದರ ಹುಡುಗಿ. ನಾನು ಮಗ್ಗದ ಹತ್ತಿರ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಬಂದವರಿಗೆಲ್ಲ ಕಟ್ಟೆಯ ಮೇಲಿಂದ ನಾನು ಕಾಣುತ್ತಿದ್ದೆ.

"ಸೊಸಿ ಎಲ್ಲಿ?" ಎಂದು ಕೇಳಿದರೆ ಅತ್ತೆ, "ತೌರಮನಿಗಿ ಹೋಗ್ಯಾಳ," ಎನ್ನುತ್ತಿದ್ದರು. ನಗುತ್ತಿರಲಿಲ್ಲ. ಬಂದವರು ನನ್ನ ಕಡೆ ನೋಡಿ, ಅವರ ಕಡೆ ನೋಡಿ, ವಿಷಯ ತಿಳಿದು, ತಾವೂ ಕಾಣದವರಾಗುತ್ತಿದ್ದರು. ನಮ್ಮ ಓಣಿಯ ಒಬ್ಬ ಹೆಂಗಸು ಮಾತ್ರ ನೀರಿಗೆ ಹೋಗುವಾಗ ಬಾಗಿಲಲ್ಲಿ ಇಣುಕಿ, "ಹ್ಯಾಂಗೈತಿ ತೌರಮನಿ? ಅವ್ವ ತುಪ್ಪ ಬಡಸತಾಳೋ ಇಲ್ಲೋ?" ಎಂದಳು. ಅವಳ ಜೊತೆಯವರು ಕೊಡ ಕೆಳಗಿಟ್ಟು ನಕ್ಕರು. ನನಗೂ ನಗು ಬಂತು. ಸಿಸ್ಟರುಗಳು ಹೇಳಿಕೊಟ್ಟಿದ್ದರು, ಯಾರಾದರೂ ಮಾತಾಡಿಸಿದರೆ ನಗುಮುಖದಿಂದ ಉತ್ತರ ಕೊಡಬೇಕು ಎಂದು. "ಚಲೋ ಐತ್ರಿ," ಎಂದೆ.

ಗಂಟು ಎಲ್ಲಿದೆಯೆಂದು ತಿಳಿಯದ ಆ ದಿನಗಳಲ್ಲಿ ನನಗೆ ಹೊಸ್ತಿಲಿನ ಚಿಂತೆ ಅಷ್ಟಾಗಿ ಇರಲಿಲ್ಲ. ಗಂಟು ನರಗುಂದದಲ್ಲಿ ಯಾರ ಕೈಗೆ ಹೋಯಿತು ಎಂಬುದೇ ಚಿಂತೆ. ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿಯ ಮೋಟಾರಿಗೆಂದು ಕುಳಿತ ನನ್ನ ತಾಯಿಗೆ, ನಿಮ್ಮ ಮಗಳ ಗಂಟು ಎಂದು ಯಾರಾದರೂ ಕೊಟ್ಟಿದ್ದರೆ? ಅದರಲ್ಲಿದ್ದದ್ದು ಅರಿಷಿಣ, ಕುಂಕುಮ, ಹಸಿರು ಬಳೆ. ಅವಳು ಗಂಡ ಇಲ್ಲದವಳು. ಮಗಳು ಬರಲಿಲ್ಲ, ಮುತ್ತೈದೆಯ ಸಾಮಾನು ಬಂತು. ಹತ್ತು ಮಂದಿಯ ಮುಂದೆ ಅವಳು ಅದನ್ನು ಬಿಚ್ಚಿದ್ದರೆ?

ಒಂದು ಮಧ್ಯಾಹ್ನ ನಮ್ಮ ಮೋಟಾರಿನ ಡ್ರೈವರು ಗಂಟು ತಂದು ಅತ್ತೆಯ ಕೈಗೆ ಕೊಟ್ಟ. "ನರಗುಂದದಾಗ ಇವರ ತಾಯಾರಿಗೆ ಕೊಟ್ಟಿದ್ರಂತ್ರಿ. ಅವರು ಹುಬ್ಬಳ್ಳಿಂದ ತಿರುಗಿ ಕಳಿಸ್ಯಾರ."

ಅತ್ತೆ ಕಟ್ಟೆಯ ಮೇಲೆ ಕುಳಿತು ಬಿಚ್ಚಿದರು. ನಾನು ಮಗ್ಗದ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಅಕ್ಕಿ ಇತ್ತು, ಕೊಂಬು ಇತ್ತು, ಅಡಿಕೆ, ದುಡ್ಡು, ಕುಂಕುಮ ಇದ್ದವು. ಬಳೆಗಳು ಒಡೆದು ಅಕ್ಕಿಯಲ್ಲಿ ಚೂರು ಚೂರಾಗಿ ಬೆರೆತಿದ್ದವು. ಖಣ ಇರಲಿಲ್ಲ.

ಅತ್ತೆ ಒಂದು ಚೂರನ್ನು ಎರಡು ಬೆರಳಲ್ಲಿ ಎತ್ತಿ ಬಿಸಿಲಿಗೆ ಹಿಡಿದರು. "ಮಗಳಿಗೆ ಒಡದ ಬಳಿ ಕಳಿಸ್ಯಾಳ ನಿಮ್ಮವ್ವ. ಚಲೋ ಆಶೀರ್ವಾದ." ಆಮೇಲೆ ಗಂಟಿನ ಬಟ್ಟೆ ಝಾಡಿಸಿ ನೋಡಿದರು. "ಖಣ ಮಾತ್ರ ಇಟಗೊಂಡಾಳ. ಆಕಿಗ್ಯಾಕ ಬೇಕಿತ್ತೋ ಖಣ." ಎದ್ದು ನಿಂತು, ನನ್ನ ಮೇಲೆ ಕಣ್ಣಿಟ್ಟು, ಆಗಷ್ಟೇ ಕಂಡವರ ಹಾಗೆ ಹೇಳಿದರು, "ಬಂದೇನ? ಬಾ ಒಳಗ. ಬಲಗಾಲಿಡು."

ಬಲಗಾಲಿಟ್ಟು ಒಳಗೆ ಹೋದೆ. ಸಂಜೆಯ ರೊಟ್ಟಿ ನಾನೇ ಬಡಿದೆ.

ಅವ್ವನಿಗೆ ಕಾಗದ ಬರೆದೆ. ಅವಳಿಗೆ ಓದು ಬರುತ್ತಿರಲಿಲ್ಲ. ಮಾಮಿ ಓದಿ ಹೇಳಬೇಕು, ಮಾಮಿಯೇ ಉತ್ತರ ಬರೆಯಬೇಕು. ಬಂದದ್ದು "ಎಲ್ಲಾರೂ ಕ್ಷೇಮ" ಎಂಬ ಒಂದು ಸಾಲು. ನಾನು ಮತ್ತೆ ಬರೆದೆ, ಮತ್ತೆ ಅದೇ ಸಾಲು. ಬಳೆಯ ಮಾತನ್ನು ಕಾಗದದಲ್ಲಿ ಹೇಗೆ ಕೇಳುವುದೆಂದು ತಿಳಿಯಲಿಲ್ಲ. ಮೂರನೆಯ ಮಳೆಗಾಲಕ್ಕೆ ಅವಳು ತೀರಿಕೊಂಡ ಕಾರ್ಡು ಬಂತು, ಸೂತಕದ ದಿನಗಳೆಲ್ಲ ಮುಗಿದ ಮೇಲೆ. ಸ್ನಾನ ಮಾಡಿದೆ. ಅಂದಿನ ಅಡಿಗೆಯನ್ನು ಅತ್ತೆಯೇ ಮಾಡಿದರು. ಅದನ್ನೂ ಹೇಳಬೇಕು.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, ಒಂದು ದಿನ ಮಾಮಿ ನಮ್ಮ ಮನೆಗೆ ಬಂದಳು. ನರಗುಂದದ ತನ್ನ ತವರಿನಲ್ಲಿ ದೊಡ್ಡ ಮಗಳ ಮದುವೆ ಇಟ್ಟುಕೊಂಡಿದ್ದಳು. ಸೀರೆ ಬೇಕಾಗಿದ್ದವು, ನೆಂಟರಲ್ಲಿ ಸಸ್ತಾ ಸಿಗುತ್ತವೆ. ಪಡಸಾಲೆಯಲ್ಲಿ ಅತ್ತೆಯ ಎದುರು ಕುಳಿತು ಎಲೆ ಅಡಿಕೆ ಹಾಕಿಕೊಂಡಳು. ನಾನು ಸೀರೆ ಬಿಚ್ಚಿ ಹಾಸುತ್ತಿದ್ದೆ. ಯಾರೂ ಕೇಳದೆ ಅವಳೇ ಮಾತು ತೆಗೆದಳು, ಮಳೆ ಬೆಳೆಯ ಸುದ್ದಿ ಹೇಳುವ ಹಾಗೆ.

"ಆವತ್ತು ನಿನ್ನ ಗಂಟು ಬಂತಲ್ಲ, ಕಂಡಕ್ಟರ ಸೀಟಿನ ಮ್ಯಾಲಿಂದ ಎತ್ತಿ ತಂದು ನಿಮ್ಮವ್ವನ ತೊಡಿ ಮ್ಯಾಲ ಇಟ್ಟ. ನಾ ಬಿಚ್ಚಿದೆ. ಬಳಿ, ಕುಂಕುಮ. ಮಗಳು ಕಳಿಸಿದ ಉಡುಗೊರಿ ನೋಡ ಅಂತ ನಕ್ಕೆ. ಆಕಿ ನಗಲಿಲ್ಲ. 'ಇದು ಪರಸ್ಥಾನ. ನನ್ನ ಮಗಳು ಹಾದ್ಯಾಗ ಅದಾಳ. ಈ ಮೋಟಾರು ಬಿಡೂಣು, ಆಕಿ ಬರತಾಳ,' ಅಂತ ಕಂಬಾ ಹಿಡಕೊಂಡು ನಿಂತಳು."

ನನ್ನ ಕೈಯಲ್ಲಿ ಸೀರೆ ಅರ್ಧ ಬಿಚ್ಚಿತ್ತು.

"ಹ್ಯಾಂಗ ಬಿಡೂದವಾ? ಮೋಟಾರಿಂದು ಬ್ಯಾರೆ ಟಿಕೀಟು, ರೈಲಿಂದು ಬ್ಯಾರೆ. ಒಂದು ತಪ್ಪಿದ್ರ ಇನ್ನೊಂದಕ್ಕ ಯಾರ ದಿಕ್ಕು? ನಿಮ್ಮ ಮಾಮಾ ಕಂಬದಿಂದ ಕೈ ಬಿಡಿಸಿ ಹತ್ತಿಸಿದ್ರು. ಹುಬ್ಬಳ್ಳಿ ಮಟಾ ಹಿಂದ ಹೊಳ್ಳಿ ನೋಡಿಕೋತ ಕುಂತಳು, ರೈಲಿನ್ಯಾಗ ಆಕಿ ಕುತ್ತಿಗಿ ಹಿಡಕೊಂತು, ನಾ ತಿಕ್ಕಬೇಕಾತು. ಹುಬ್ಬಳ್ಯಾಗ ಮತ್ತೊಂದು ಹಟ. ಗಂಟು ತಿರುಗಿ ಮುಟ್ಟಸ್ರಿ, ಇಲ್ಲಂದ್ರ ನನ್ನ ಮಗಳನ್ನ ಹೊಸ್ತಲಾ ತುಳಿಯಾಕ ಬಿಡೂದಿಲ್ಲ ಅಂತ ಕಂಡ ಡ್ರೈವರಗೆಲ್ಲಾ ಕೈ ಮುಗದಳು. ನನಗ ಸಿಟ್ಟು ಬಂತು. ಕಟ್ಟಿ ಕೊಡೂ ಮುಂದ ಗಂಟಿನ ಮ್ಯಾಲ ಒಂದು ಕಲ್ಲು ಕುಕ್ಕಿದೆ. ಬಳಿ ಆಗ ಒಡದಿರಬೇಕು."

ಅತ್ತೆ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು. "ಹೊಸ್ತಲಾ ತುಳಿಯಾಕ ಬಿಡೂದಿಲ್ಲ ಅಂತ ಆಕಿಗಿ ಹ್ಯಾಂಗ ಗೊತ್ತಾತು?"

"ನಾನೂ ಅದನ್ನ ಕೇಳಿದೆ ನೋಡ್ರಿ. ಎಳಿ ತಪ್ಪಿದ ಖಣ ತೋರಿಸಿದಳು. 'ಮನಿ ತುಂಬ ಖಣ ಇದ್ದವರು ಸೊಸಿಗಿ ಇದನ್ನ ಕೊಟ್ಟಾರ. ಇನ್ನೇನು ತಿಳಕೋಬೇಕು,' ಅಂದಳು."

ಅತ್ತೆ ಮತ್ತೆ ಅಡಿಕೆ ಕತ್ತರಿಸಿದರು. ಹೋಳು ಸಣ್ಣ ಸಣ್ಣದಾದವು.

"ಆ ಖಣ ಮಾತ್ರ ಕೊಡಲಿಲ್ಲ ಆಕಿ. ತಲಿ ಕೆಳಗ ಇಟಗೊಂಡು ಮಲಗತಿದ್ದಳು. ಹೋದ ಮ್ಯಾಲ ತಗದೆ, ಹಾಳು ಯಾಕ ಮಾಡೂದು?" ಮಾಮಿ ಚೀಲಕ್ಕೆ ಕೈ ಹಾಕಿ ಒಂದು ಕುಬಸ ತೆಗೆದು ನನ್ನ ಮುಂದೆ ಇಟ್ಟಳು. "ಮಗಳಿಗಿ ಹೊಲಿಸೀನಿ. ಮುಂಬಯ್ಯಾಗ ಇಂಥಾ ಬಣ್ಣ ಸಿಗೂದಿಲ್ಲ. ಇದಕ್ಕ ಹೊಂದೂವಂಥಾ ಸೀರಿ ಬೇಕು, ಅದಕ್ಕಂತ ಬಂದೀನಿ. ನಿನ್ನ ಕಣ್ಣು ಚಲೋ, ಆರಿಸಿ ಕೊಡು."

ಕೆನ್ನೀಲಿ, ಹಳದಿ ಅಂಚು. ತಿರುವಿ ಹಿಂಬದಿ ನೋಡಿದೆ. ಅರ್ಧಕ್ಕೆ ನಿಂತ ಹೂವನ್ನು ದರ್ಜಿ ಕಂಕುಳ ಕೆಳಗೆ ಮಡಚಿ ಒಳಗೆ ಹಾಕಿದ್ದ, ಒಳ್ಳೆಯ ಹೊಲಿಗೆ. ಒಂದು ಮೂಲೆಯಲ್ಲಿ ಅರಿಷಿಣದ ಕಲೆ, ಒಗೆದು ಒಗೆದು ಮಾಸಿದ್ದು, ಇನ್ನೂ ಇತ್ತು.

ನಾಲ್ಕಾರು ಸೀರೆ ಬಿಚ್ಚಿದೆ. ಬೆಳಕಿಗೆ ಹಿಡಿದು ನೋಡಿದೆ. ಕಡೆಗೆ ಒಂದು ಸರಿಯಾಗಿ ಹೊಂದಿತು. ಅತ್ತೆ ಕೈ ಚಾಚಿ ಸೆರಗು ಮುಟ್ಟಿ ನೋಡಿ, "ಹೊಂದತೈತಿ," ಎಂದರು.

ಮಡಚಿ, ಕುಬಸವನ್ನು ಸೀರೆಯ ನಡುವೆ ಇಟ್ಟು, ಬಟ್ಟೆಯಲ್ಲಿ ಗಂಟು ಕಟ್ಟಿ ಮಾಮಿಯ ಕೈಗೆ ಕೊಟ್ಟೆ. ಮಧ್ಯಾಹ್ನದ ಮೋಟಾರಿಗೆ ಬಿಡಲು ಸ್ಟ್ಯಾಂಡಿನವರೆಗೆ ನಾನೇ ಹೋದೆ. ಆಕಾಶ ಕಪ್ಪಾಗಿತ್ತು, ಹಾದಿ ಕೆಸರಾಗಿತ್ತು. ಕಿಡಕಿಯ ಬಾಜೂ ಕುಳಿತು ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಮಾಮಿ ಕೇಳಿದಳು, "ಇದು ತಡ ಆದ್ರ ರೋಣದಾಗ ನರಗುಂದದ ಮೋಟಾರು ಕಾಯತೈತೇನವಾ?"

"ಅದರದು ಬ್ಯಾರೆ ಟಿಕೀಟ್ರಿ, ಮಾಮಿ," ಎಂದೆ.